ಹೊರಪಥದವನು ಎಷ್ಟು ಮುಂದೆ ನಿಲ್ಲಬೇಕು?

ಪ್ರಶ್ನೆ (ಗಣಿತ ಶಿಕ್ಷಕಿ):
ಎಂಟನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಕ್ರೀಡಾಕೂಟ ಹತ್ತಿರ ಬಂದಿದೆ, ಎಂದಿನಂತೆ ನನ್ನ ಪಿರಿಯಡ್‌ಗಳೇ ಮೈದಾನದ ಪಾಲಾಗುತ್ತಿವೆ. ಜಗಳವಾಡುವುದಕ್ಕಿಂತ ನಾನೂ ಹೊರಗೆ ಹೋಗುವುದೇ ಮೇಲು ಎಂದುಕೊಂಡೆ. ಮೊದಲ ದಿನ ಓಟದ ಸಮಯಗಳನ್ನು ಬರೆಸಿ ಸರಾಸರಿ ತೆಗೆಸಿದೆ. ಬಿಸಿಲಿನಲ್ಲಿ ಕೂರಿಸಿ ಹೋಂವರ್ಕ್ ಕೊಟ್ಟಂತಾಯಿತು. ಮಕ್ಕಳ ಮುಖ ನೋಡಲಾಗಲಿಲ್ಲ. ಆಟಕ್ಕೆ ನಿಜವಾಗಿ ಬೇಕಾಗುವ ಲೆಕ್ಕ ಯಾವುದಾದರೂ ಇದೆಯೇ?

ಉತ್ತರ 1 (ದೈಹಿಕ ಶಿಕ್ಷಕ):
ಇದೆ. ಆದರೆ ನೀವು ಮೈದಾನಕ್ಕೆ ತಡವಾಗಿ ಬಂದಿದ್ದೀರಿ ಮೇಡಂ. ಮುಖ್ಯ ಲೆಕ್ಕವೆಲ್ಲ ಶಿಳ್ಳೆ ಊದುವ ಮೊದಲೇ, ಸುಣ್ಣದ ಗೆರೆ ಎಳೆಯುವಾಗಲೇ ಮುಗಿದಿರುತ್ತದೆ. ಸುಣ್ಣದ ಬುಟ್ಟಿಯನ್ನು ಮಕ್ಕಳ ಕೈಗೆ ಕೊಡಿ.

ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ನಾಲ್ಕೂ ಬದಿ ಸರಿಯಾಗಿದ್ದರೂ ಅಂಕಣ ಓರೆಯಾಗಬಹುದು. ನನ್ನ ಮೊದಲ ವರ್ಷದ ಅಂಕಣ ಹಾಗೆಯೇ ವಾಲಿಕೊಂಡಿತ್ತು, ಎದುರಾಳಿ ತಂಡದವರು ನಕ್ಕರು. ಅಂದಿನಿಂದ ಎರಡೂ ಕರ್ಣ 20.12 ಮೀಟರ್ ಬರುವವರೆಗೆ ನಾನು ಸುಣ್ಣ ಮುಟ್ಟುವುದಿಲ್ಲ.

ಇದಕ್ಕಿಂತ ಸೊಗಸಾದದ್ದು ಓಟದ ಪಥ. ಹೊರಪಥದವನನ್ನು ಮುಂದೆ ನಿಲ್ಲಿಸಿದರೆ ಪ್ರತಿವರ್ಷ ಯಾರಾದರೊಬ್ಬ ಹುಡುಗ ‘ಇದು ಮೋಸ’ ಎಂದು ಕೂಗುತ್ತಾನೆ. ಹೊರಪಥದ ಸುತ್ತು ಉದ್ದ, ಅದನ್ನು ಸರಿದೂಗಿಸಲೆಂದೇ ಈ ಅಂತರ. ಪಥದ ಅಗಲ 1 ಮೀಟರ್ ಇದ್ದರೆ, ಪೂರ್ತಿ ಒಂದು ಸುತ್ತಿಗೆ ಪ್ರತಿ ಪಥವೂ ಒಳಗಿನದಕ್ಕಿಂತ 2 × 3.14 × 1, ಅಂದರೆ 6.28 ಮೀಟರ್ ಮುಂದಿರಬೇಕು. ‘ನಮ್ಮ ಮೈದಾನ ಚಿಕ್ಕದು, ಅಂತರವೂ ಕಡಿಮೆ ಸಾಕು’ ಎಂದು ದೊಡ್ಡವರೇ ವಾದಿಸುವುದನ್ನು ಕೇಳಿದ್ದೇನೆ. ತಪ್ಪು. ದೊಡ್ಡ ಸುತ್ತಳತೆಯಿಂದ ಚಿಕ್ಕದನ್ನು ಕಳೆದಾಗ ತ್ರಿಜ್ಯ ಹಾರಿಹೋಗಿ ಪಥದ ಅಗಲವೊಂದೇ ಉಳಿಯುತ್ತದೆ. 400 ಮೀಟರ್ ಸುತ್ತಾದರೂ ಅಷ್ಟೇ, 200 ಮೀಟರ್ ಸುತ್ತಾದರೂ ಅಷ್ಟೇ. ದೊಡ್ಡ ಸ್ಪರ್ಧೆಗಳಲ್ಲಿ ಪಥ 1.22 ಮೀಟರ್, ಅಂತರ 7.67. ಎರಡನೇ ಪಥಕ್ಕೆ ಮಾತ್ರ 7.04. ಒಳಪಥದ ಉದ್ದವನ್ನು ಅಂಚಿನ ಕಟ್ಟೆಯಿಂದ 30 ಸೆಂಟಿಮೀಟರ್ ಹೊರಗೆ, ಉಳಿದವನ್ನು ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯುವುದರಿಂದ ಈ ವ್ಯತ್ಯಾಸ.

ಉತ್ತರ 2 (ಹಳೆಯ ಓಟಗಾರ):
ಲೆಕ್ಕಕ್ಕೆ ಹೆದರಿ ಮೈದಾನಕ್ಕೆ ಓಡಿಬರುತ್ತಿದ್ದವನು ನಾನು. ಅಲ್ಲಿಗೂ ಬೆನ್ನಟ್ಟಿ ಬರಬೇಡಿ! ಗೆರೆ ಎಳೆಯುವವರು ಅಳೆಯಲಿ, ಓಡುವವರು ಓಡಲಿ. ಹೇಗೂ ಸುಣ್ಣ ಹಾಕುತ್ತೀರೆಂದರೆ ಗುಂಡು ಎಸೆತವನ್ನೂ ನೋಡಿ: ಗುಂಡು ಬೀಳಬೇಕಾದ ವಲಯದ ಕೋನ 34.92 ಡಿಗ್ರಿ. ವಿಚಿತ್ರ ಸಂಖ್ಯೆ ಎನಿಸುತ್ತದೆ, ಆದರೆ ಕೋನಮಾಪಕವೇ ಬೇಡ. ಎಸೆಯುವವನು ನಿಲ್ಲುವ ವೃತ್ತದ ಕೇಂದ್ರದಿಂದ 10 ಮೀಟರ್‌ನ ಎರಡು ಹಗ್ಗ ಎಳೆದು, ತುದಿಗಳ ನಡುವೆ 6 ಮೀಟರ್ ಇಟ್ಟರೆ ಅದೇ ಕೋನ.

ಗಣಿತ ಶಿಕ್ಷಕಿ:
ಇವತ್ತು ಓಟದ ಪಥ ಹಾಕಿದೆವು. ನಂಬದ ನಾಲ್ವರು ಎರಡೂ ಗೆರೆಗಳ ಮೇಲೆ ಹಗ್ಗ ಹಾಸಿ ಅಳೆದರು: ವ್ಯತ್ಯಾಸ 6.40 ಬಂತು. ನಾನು ‘ಇರಲಿ ಬಿಡಿ’ ಎಂದೆ, ಅವರು ಬಿಡಲಿಲ್ಲ. ಬಾಗುವಲ್ಲಿ ಪಥ ಒಂದು ಮೀಟರ್‌ಗಿಂತ ಎರಡು ಸೆಂಟಿಮೀಟರ್ ಅಗಲವಾಗಿತ್ತಂತೆ. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಮುಂದಿನ ಪಿರಿಯಡ್ ಸಮಾಜ ವಿಜ್ಞಾನದ್ದು, ಆ ಶಿಕ್ಷಕರು ಈಗ ನನ್ನ ಮೇಲೆ ಸಿಟ್ಟಾಗಿದ್ದಾರೆ.