ಮುಂಗಡ ಕಟ್ಟಬೇಡ, ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಮೊಮ್ಮಗನಿಂದ ಎರಡು ಸಲ ಓದಿಸಿಕೊಂಡೆ. ಅಮ್ಮನ ಎದೆಯ ಕ್ಯಾನ್ಸರ್ ಲಿವರಿಗೂ ಹರಡಿದೆ, ರಕ್ತದಿಂದ ಕೋಶ ತೆಗೆದು ಜೀನ್ ಸೇರಿಸಿ ವಾಪಸ್ ಹಾಕುತ್ತಾರಂತೆ, ಶುಕ್ರವಾರದೊಳಗೆ 5 ಲಕ್ಷ ಮುಂಗಡ ಕೊಡಬೇಕಂತೆ, ಕಟ್ಟಲಾ ಅಂತ ಕೇಳಿದ್ದೀಯ. ಕಟ್ಟಬೇಡ.

ಎದೆಯ ಕ್ಯಾನ್ಸರಿನಿಂದಲೇ ಹೋದ ನಮ್ಮಕ್ಕನ ಕಥೆ ಈ ಗ್ರೂಪಿನಲ್ಲಿ ನಿಮಗೆಲ್ಲ ಗೊತ್ತೇ ಇದೆ. ಗೊತ್ತಿಲ್ಲದ್ದು ಆ ಥರ್ಮೋಕೋಲ್ ಡಬ್ಬಿಯ ವಿಷಯ. 2011. ಅಷ್ಟರಲ್ಲಿ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಯಾರೋ ಸ್ಟೆಮ್ ಸೆಲ್ ಇಂಜೆಕ್ಷನ್ ಅಂದರು. ಡಬ್ಬಿ ತುಂಬ ಐಸು, ಮಧ್ಯೆ ಇಷ್ಟೇ ಇಷ್ಟು ಬಾಟ್ಲಿ. ಹೆಸರಿಲ್ಲ, ತಾರೀಕಿಲ್ಲ, ಬಾಲ್‌ಪೆನ್ನಿನಲ್ಲಿ ಬರೆದ 3 ಅನ್ನುವ ಅಂಕಿ ಮಾತ್ರ. ಹಸುಗೂಸನ್ನು ತಂದ ಹಾಗೆ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ. ಇದು ನಡೆಯುವಾಗ ಬೇರೆ ಮಾತ್ರೆ ಬೇಡ ಅಂದರು. ದಿನಾ ನುಂಗುತ್ತಿದ್ದ ಕ್ಯಾನ್ಸರ್ ಮಾತ್ರೆ ಲೆಟ್ರೊಜೋಲ್ ನಿಲ್ಲಿಸಿಬಿಟ್ಟೆವು. ಮೂರು ತಿಂಗಳು! ತಾನೇ ಬಚ್ಚಲಿಗೆ ನಡೆದು ಹೋಗುತ್ತಿದ್ದವಳು ಯುಗಾದಿ ಹೊತ್ತಿಗೆ ಹಾಸಿಗೆ ಹಿಡಿದಳು.

ನೀನು ಹೇಳಿದ ಅಮೆರಿಕದ ಜೂಡಿ ಪರ್ಕಿನ್ಸ್ ವಿಷಯ ಸುಳ್ಳಲ್ಲ. ಅವರ ಹರಡಿದ ಎದೆಯ ಕ್ಯಾನ್ಸರ್ ಪೂರ್ತಿ ಕರಗಿತು ಅಂತ 2018ರಲ್ಲಿ ಬಂದಿತ್ತು. ಆದರೆ ಅವರಿಗೆ ಜೀನ್ ಸೇರಿಸಲೇ ಇಲ್ಲ. ಗಡ್ಡೆಯೊಳಗೆ ನುಗ್ಗಿದ್ದ ಅವರದೇ ಟಿ ಕೋಶ, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೆಗೆದು, ಸುಮಾರು 8,000 ಕೋಟಿಯಷ್ಟು ಬೆಳೆಸಿ ಹಾಕಿದ್ದರು. ಅದೂ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪ್ರಯೋಗದಲ್ಲಿ. ಐಐಟಿ ಬಾಂಬೆ, ಟಾಟಾ ಆಸ್ಪತ್ರೆಯವರು ಸೇರಿ ಮಾಡಿದ, ಜೀನ್ ಸೇರಿಸಿದ ಕೋಶದ ಚಿಕಿತ್ಸೆ ನೆಕ್ಸ್‌ಕಾರ್19ಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತಲ್ವಾ, ಅದು ರಕ್ತದ ಕ್ಯಾನ್ಸರಿಗೆ. ಅದು ಹುಡುಕುವ ಗುರುತು ಎದೆಯ ಗಡ್ಡೆಯ ಕೋಶದ ಮೇಲೆ ಇರುವುದಿಲ್ಲ. ಎದೆಯ ಕ್ಯಾನ್ಸರಿಗೆ ಜೀನ್ ಸೇರಿಸಿದ ಕೋಶ ಇನ್ನೂ ಪ್ರಯೋಗದಲ್ಲೇ ಇದೆ. ಅದಕ್ಕೇ ಇನ್ನೊಂದು ಸಲ ಹೇಳುತ್ತಿದ್ದೇನೆ, ಮುಂಗಡ ಕಟ್ಟಬೇಡ.

ಆಗ ಆ ಇಂಜೆಕ್ಷನ್ನಿಗೆ ಹೋದದ್ದು ನನ್ನ ನಾಲ್ಕು ಬಳೆ. ತೋಟದ ಪಾಲಿನಲ್ಲಿ ಸರಿ ಮಾಡುತ್ತೇವೆ ಅಂದವರು ಈ ಗ್ರೂಪಿನಲ್ಲೇ ಇದ್ದಾರೆ. ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಾರೆ. ಬಳೆ ಮಾತು ಮಾತ್ರ ಒಬ್ಬರೂ ಎತ್ತುವುದಿಲ್ಲ. ಅಕ್ಕನ ತಿಥಿಗೆ ಬಂದು, ಪಾಯಸಕ್ಕೆ ಸಕ್ಕರೆ ಜಾಸ್ತಿ ಆಯ್ತು ಅಂದು ಹೋದರು.

ಅಯ್ಯೋ, ಹೇಳಬೇಕಾದ್ದೇ ಮರೆತೆ. ಅವರು ಇದು ಪ್ರಯೋಗ ಅಂದರೆ ಸಿಟಿಆರ್‌ಐ, ಅಂದರೆ ದೇಶದ ಔಷಧ ಪ್ರಯೋಗಗಳ ನೋಂದಣಿ ಪಟ್ಟಿಯ ನಂಬರ್ ಕೇಳು. ನಮ್ಮಲ್ಲಿ 2009ರಿಂದ ಔಷಧದ ಪ್ರಯೋಗ ಅಲ್ಲಿ ನೋಂದಣಿ ಆಗಲೇಬೇಕು, ಮೊಬೈಲಿನಲ್ಲೇ ನೋಡಬಹುದು. ನಂಬರ್ ಕೊಡದಿದ್ದರೆ ಫೋನ್ ಇಟ್ಟುಬಿಡು. ಲಿವರಿನ ಗಡ್ಡೆಯ ಚೂರು ತೆಗೆದು, ಕ್ಯಾನ್ಸರ್ ಯಾವ ಬಗೆಯದು ಅಂತ ತೋರಿಸುವ ಇಆರ್, ಪಿಆರ್, ಹರ್2 ಪರೀಕ್ಷೆ ಮತ್ತೆ ಮಾಡಿದ್ದಾರಾ ಅಂತ ನಿಮ್ಮ ಡಾಕ್ಟರನ್ನು ಕೇಳು, ಮೊದಲಿನ ಗಡ್ಡೆಯಲ್ಲಿದ್ದಂತೆಯೇ ಇರಬೇಕೆಂದಿಲ್ಲ. ಔಷಧ ಯಾವುದು ಅನ್ನುವುದು ಅದರ ಮೇಲೆ ನಿಂತಿದೆ. ಅಮ್ಮನ ಈಗಿನ ಮಾತ್ರೆ ಡಾಕ್ಟರು ಹೇಳದೆ ಒಂದು ದಿನವೂ ತಪ್ಪಿಸಬೇಡ. ಸೋಮವಾರ ಕಿದ್ವಾಯಿಯಲ್ಲಿ ಒಂದು ಸಲ ತೋರಿಸೋಣ. ಲ್ಯಾಬಿನವರು ಇಟ್ಟಿರುವ ಗಡ್ಡೆಯ ಚೂರಿನ ಸ್ಲೈಡು, ಬ್ಲಾಕು ಎರಡೂ ತಗೊಂಡು ಬಾ. ಚಪಾತಿ ಪಲ್ಯ ನಾನು ಕಟ್ಟಿಕೊಂಡು ಬರುತ್ತೇನೆ.