ಥೈರಾಯ್ಡ್ ಆಪರೇಶನ್: ಮ್ಯಾಲಿನ ಪೋಲ್ ಸ್ಟಂಪ್ ಮತ್ತ ಬ್ಲೀಡ್ ಆಗಾಕತ್ತೈತಿ, ಯಾಕ್ರಿ?

ಗಂಟಲಗಂಟು (ಬಾಗಲಕೋಟೆ)
ಅಲ್ಟ್ರಾಸೋನಿಕ್ ಕತ್ತರಿಲೆ (ಕಂಪನದ ಕಾವಿಲೆ ರಕ್ತನಾಳ ಸೀಲ್ ಮಾಡಿ ಕೊಯ್ಯೂದು) ಪೋಲ್, ಅಂದ್ರ ಗ್ರಂಥಿ ಮ್ಯಾಲಿನ ತುದಿ, ಕಟ್ ಮಾಡಿದಾಗ ಎಲ್ಲಾ ಒಣಾ. ಲೋಬ್ (ಗ್ರಂಥಿಯ ಒಂದು ಕಡಿ ಭಾಗ) ತಗದು ವಾಶ್ ಕೊಡೂದ್ರಾಗ ಸ್ಟಂಪ್ (ಕೊಯ್ದ ನಾಳದ ಉಳಿದ ತುದಿ) ಚಿಮ್ಮತೈತಿ, ಮ್ಯಾಲ ಸರದು ಸ್ನಾಯು ಬುಡಕ ಹೋಗಿರ್ತೈತಿ. ಮಾರಾವ್ರು 5 ಮಿ.ಮೀ. ದಪ್ಪ ನಾಳದ ತನಕ ಸೀಲ್ ಅಂತಾರ. ಸಾಕಾಗೇತಿ.

ಕುಂದಾನಗರಿ
ಆಪರೇಶನ್ ಮೊದಲ ಲುಗಾಲ್ಸ್ (ಅಯೋಡಿನ್ ದ್ರಾವಣ) ಕೊಟ್ಟಿದ್ರೇನು? ದಿನಕ್ಕ ಮೂರು ಸಲ 5–7 ಹನಿ, 10 ದಿನ. ಗ್ರಂಥಿ ಗಟ್ಟಿ ಆಗತೈತಿ.

ಗಂಟಲಗಂಟು
ಗ್ರೇವ್ಸ್ (ಹಾರ್ಮೋನ್ ಅತಿಯಾಗೂ ರೋಗ) ಅಲ್ರಿ. ಮಲ್ಟಿನಾಡ್ಯುಲರ್, ಅಂದ್ರ ಬಹಳ ಗಂಟಿನ ಗ್ರಂಥಿ; ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ) ನಾರ್ಮಲ್.

ಕುಂದಾನಗರಿ
ಇದ್ರೂ ಕೊಟ್ಟು ನೋಡ್ರಿ.

ಗುಮ್ಮಟ (ವಿಜಯಪುರ)
ನಾಡ್ಯುಲರ್‌ಗೆ ಅಯೋಡಿನ್ ಕೊಟ್ಟು ಹೈಪರ್ (ಹಾರ್ಮೋನ್ ಅತಿ) ಮಾಡ್ತೀರೇನ್ರಿ? ಲುಗಾಲ್ಸ್ ಬಿಡ್ರಿ. ಕತ್ತರಿಯ ಹ್ಯಾಂಡ್‌ಪೀಸ್ ಹೊಸಾದೋ, ಇಟಿಒ (ಎಥಿಲೀನ್ ಆಕ್ಸೈಡ್ ಗ್ಯಾಸಿಲೆ ಶುದ್ಧ) ಮಾಡಿ ಮತ್ತ ಬಳಸಿದ್ದೋ? ಪವರ್ ಮಿನ್ನೋ, ಮ್ಯಾಕ್ಸೋ?

ಗಂಟಲಗಂಟು
ಇಟಿಒ ಮಾಡಿದ್ದು. ಮ್ಯಾಕ್ಸ್. ಲೋಬ್ ಕೆಳಗ ಜಗ್ಗಿ ಹಿಡದ ಕಟ್ ಮಾಡೂದು. ಎಲ್ಲಾರೂ ಹಂಗ ಮಾಡ್ತಾರಲ್ರಿ.

ಗುಮ್ಮಟ
ಅಲ್ಲೇ ಐತಿ ನೋಡ್ರಿ. ಕತ್ತರಿ ದವಡಿಯಾಗಿನ ಬಿಳಿ ಪ್ಯಾಡ್ ಸವದು ಗುಳಿ ಬಿದ್ರ ನಾಳದ ಗೋಡಿ ಪೂರಾ ಒತ್ತೂದಿಲ್ಲ. ಮ್ಯಾಕ್ಸ್ ಲಗೂ ಕೊಯ್ಯತೈತಿ, ಸೀಲ್ ಕಡಿಮಿ. ಅದರ ಜೋಡಿ ಜಗ್ಗಿ ಹಿಡದ್ರ ಸೀಲ್ ಕೂಡೂ ಮೊದಲ ಹರೀತೈತಿ. ಪೋಲ್ ಬಿಡಿಸುವಾಗ ಜಗ್ರಿ, ಬ್ಲೇಡ್ ಹಾಕುವಾಗ ಸಡಿಲ ಬಿಡ್ರಿ. ಮಿನ್‌ನ್ಯಾಗ ಪಕ್ಕಪಕ್ಕಕ್ಕ ಎರಡು ಸೀಲ್, ಗ್ರಂಥಿ ಕಡಿ ಕಟ್. ಇಡೀ ಪೆಡಿಕಲ್ (ನಾಳಗಳ ಗೊಂಚಲು) ಒಮ್ಮೆಲೆ ಹಿಡೀಬ್ಯಾಡ್ರಿ. ಕ್ರೈಕೋಥೈರಾಯ್ಡ್ ಸ್ನಾಯು ಕಡಿಂದ ಜಾಗಾ ಬಿಡಿಸಿ, ಒಂದೊಂದ ಕವಲು, ಕ್ಯಾಪ್ಸೂಲ್‌ಗೆ (ಗ್ರಂಥಿ ಹೊರಪದರಕ್ಕ) ಹತ್ತಿ. ಎಕ್ಸ್‌ಟರ್ನಲ್ ಲ್ಯಾರಿಂಜಿಯಲ್ ನರ (ದನಿಯ ನರ) ಅಲ್ಲೇ ಸುಳೀತೈತಿ. ಬ್ಲೇಡ್ ಬಂದ್ ಮಾಡಿದ ಮ್ಯಾಲೂ ಕಾದಿರ್ತೈತಿ, ಹಸಿ ಗಾಜ್ ಬಟ್ಟಿಗೆ ಮುಟ್ಟಿಸದ ನರದ ಹತ್ರ ಒಯ್ಯಬ್ಯಾಡ್ರಿ. ದಪ್ಪ ಕವಲಿದ್ರ ಕಟ್ ಮಾಡೂ ಮೊದಲ ರೈಟ್ ಆ್ಯಂಗಲ್ ಕ್ಲ್ಯಾಂಪ್ ಹಾಯಿಸಿ 2-0 ಸಿಲ್ಕ್ ದಾರಲೆ ಕಟ್ರಿ, ಮ್ಯಾಲಿನ ಕಡಿ ಎರಡು ಗಂಟು.

ಚಿಮ್ಮಿದ್ರ ಕುರುಡು ಕ್ಲ್ಯಾಂಪ್ ಬ್ಯಾಡ. ಬೆರಳಲೆ ಒತ್ರಿ, ಸ್ಟರ್ನೋಥೈರಾಯ್ಡ್ ಸ್ನಾಯುವಿನ ಮ್ಯಾಲಿನ ತುದಿ ಕೊಯ್ರಿ, ನಾಳದ ಬಾಯಿ ಕಂಡ ಮ್ಯಾಲ ಹಿಡೀರಿ.

ಕುಂದಾನಗರಿ
ಸಿಲ್ಕ್ ಕಾಲ ಹೋತ್ರಿ. ನಮ್ಮ ಓಟಿಯಾಗ ವೆಸಲ್ ಸೀಲರ್, ನರ್ವ್ ಮಾನಿಟರ್, 2.5 ಎಕ್ಸ್ ಲೂಪ್ (ದೊಡ್ಡದಾಗಿ ತೋರಸೂ ಕನ್ನಡಕ). ಡ್ರೇನ್ (ರಕ್ತ ಹೊರಗ ಹರಿಸೂ ನಳಿಗಿ) ಇಟ್ರ ಮುಗೀತು.

ಗುಮ್ಮಟ
ಡ್ರೇನ್ ರಕ್ತ ನಿಲ್ಲಸೂದಿಲ್ಲ, ಕ್ಲಾಟ್ ಸಿಕ್ಕು ಅದ ಬಂದ್ ಆಗತೈತಿ. ಮುಚ್ಚೂ ಮೊದಲ ಬಿಪಿ ಪೇಶಂಟಿನ ಮೂಲಮಟ್ಟಕ್ಕ ತರಸ್ರಿ, ತಲಿ ತಗ್ಗಿಸಿ ವಲ್ಸಾಲ್ವಾ (ಶ್ವಾಸಕೋಶಕ್ಕ ಗಾಳಿ ಒತ್ತಿ ಹಿಡಿಯೂದು) ಕೊಡಸ್ರಿ: 30 ಸೆಂ.ಮೀ. ನೀರಿನ ಒತ್ತಡ, 10–15 ಸೆಕೆಂಡ್. ಬೆರ್ರಿ ಲಿಗಮೆಂಟ್ (ಗ್ರಂಥಿಯನ್ನ ಶ್ವಾಸನಾಳಕ್ಕ ಕಟ್ಟೂ ಪಟ್ಟಿ) ಹತ್ರ ಜಿನಿಗಿದ್ರ ಕಾಟರಿ (ಕರೆಂಟಿಲೆ ಸುಡೂ ಸಾಧನ) ಒಯ್ಯಬ್ಯಾಡ್ರಿ. ಹಸಿ ಗಾಜ್ ಬಟ್ಟಿ ಒತ್ತಿ ಕಾಯ್ರಿ, ಆಮ್ಯಾಲ ಸರ್ಜಿಸೆಲ್ (ರಕ್ತ ನಿಲ್ಲಸೂ ಬಟ್ಟಿ) ತುಂಡು.

ಗಂಟಲಗಂಟು
ಕತ್ತರಿಯ ಬರೇ ಪ್ಯಾಡ್ ಬದಲಿ ಸಿಗತೈತೇನ್ರಿ?

ಕುಂದಾನಗರಿ
ಲೂಪ್ ಬಗ್ಗೆ ಬೇರೆ ಥ್ರೆಡ್ ತೆಗದೀನಿ, ಅಲ್ಲಿ ಬರ್ರಿ.