ತಾನಾಗಿ ಆದದ್ದಕ್ಕೂ ಮಾಡಿಸಿಕೊಂಡದ್ದಕ್ಕೂ ‘ಗರ್ಭಪಾತ’ವೇ? (ಅರ್ಜೆಂಟ್)

ಅನುವಾದಕಿ:
ಐರ್ಲೆಂಡಿನ 2018ರ ಗರ್ಭಪಾತ ಕಾನೂನು, ಅದರ ಜೊತೆಗೆ ವೈದ್ಯರಿಗಾಗಿ ಸಿದ್ಧಪಡಿಸಿದ ಮಾರ್ಗಸೂಚಿ, ಇವುಗಳ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಕೊಡಬೇಕು. ಸವಿತಾ ಹಾಲಪ್ಪನವರ್ ಅವರ ಮಾತು ಬರುವಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. 2012ರಲ್ಲಿ, ಐರ್ಲೆಂಡಿನಲ್ಲೇ, 17 ವಾರಕ್ಕೆ, ಅವರ ಗರ್ಭ ತಾನಾಗಿ ಇಳಿಯುತ್ತಿತ್ತು. ತೆಗೆದುಬಿಡಿ ಎಂದು ಕೇಳಿದರು. ಭ್ರೂಣದ ಎದೆಬಡಿತ ಇದೆ ಎಂದು ವೈದ್ಯರು ಒಪ್ಪಲಿಲ್ಲ. ಸೋಂಕು ರಕ್ತಕ್ಕೆ ಹರಡಿ ತೀರಿಕೊಂಡರು. ಕರಡಿನಲ್ಲಿ ಇದು “ಗರ್ಭಪಾತವಾಗುತ್ತಿದ್ದವರಿಗೆ ಗರ್ಭಪಾತ ಮಾಡಲಿಲ್ಲ” ಎಂದಾಗಿದೆ. ಓದುವವರಿಗೆ ಏನು ತಿಳಿಯಬೇಕು? ತನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದು ವೈದ್ಯರು ಇದನ್ನು ಮಾಡದಿರುವುದಕ್ಕೆ ಇಂಗ್ಲಿಷ್‌ನಲ್ಲಿ ‘ಕಾನ್ಶಿಯೆನ್ಶಸ್ ಆಬ್ಜೆಕ್ಷನ್’ ಎನ್ನುತ್ತಾರೆ, ಅದಕ್ಕೂ ಒಂದು ಪದ ಬೇಕು.

ಅಚ್ಚಗನ್ನಡಿಗ:
ಬಸಿರಿಳಿಕೆ, ಬಸಿರಿಳಿಸುವಿಕೆ. ಇಳಿ, ಇಳಿಸು. ಮುಗಿಯಿತು.

ಪದಮೂಲ:
ಬಸಿರು ಎಂದರೆ ಮೊದಲು ಬರೀ ಹೊಟ್ಟೆ. ತಮಿಳಿನ ‘ವಯಿಱು’ ಇದರ ನಂಟ. ‘ಬಸಿರಿಳಿಸುವಿಕೆ ಸೇವೆ’ ಎಂದು ಬೋರ್ಡ್ ಹಾಕಿದರೆ ಬೊಜ್ಜು ಕರಗಿಸಿಕೊಳ್ಳುವವರು ಸಾಲು ನಿಲ್ಲುತ್ತಾರೆ. ಇನ್ನೊಂದು ವಿಷಯ. ಆಯುರ್ವೇದದ ಸುಶ್ರುತನ ಪ್ರಕಾರ ಗರ್ಭ ಇಳಿದರೆ ನಾಲ್ಕನೇ ತಿಂಗಳವರೆಗೆ ಅದು ಸ್ರಾವ, ಐದು ಆರರಲ್ಲಿ ಪಾತ. ಐರ್ಲೆಂಡಿನಲ್ಲಿ ಕಾರಣ ಕೇಳದೆ ಮಾಡಿಕೊಡುವುದು 12 ವಾರದವರೆಗೆ. ಹಾಗಾಗಿ ಅಲ್ಲಿಯದು ‘ಪಾತ’ವೇ ಅಲ್ಲ.

ಹೆರಿಗೆ ಡಾಕ್ಟರು:
ಸುಶ್ರುತ ಹೇಳಿದ್ದು ತಾನಾಗಿ ಆಗುವುದನ್ನು. ಗುಳಿಗೆ ಕೊಟ್ಟು ಮಾಡಿಸುವುದನ್ನಲ್ಲ. ಸುಮ್ನೆ ಎಳೆಯಬೇಡಿ.
ಅನುವಾದಕಿಯವರೇ, ತಾನಾಗಿ ಆದರೆ ಗರ್ಭಸ್ರಾವ, ಮಾಡಿಸಿಕೊಂಡರೆ ಗರ್ಭಪಾತ. ಇಡೀ ಲೇಖನದಲ್ಲಿ ಇದನ್ನೇ ಬಿಡದೆ ಬಳಸಿ. ‘ಭ್ರೂಣಹತ್ಯೆ’ ಮಾತ್ರ ಬೇಡ, ಅದರಲ್ಲಿ ಅಪರಾಧದ ಮಾತು ಮೊದಲೇ ಕೂತಿದೆ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಕಾನೂನಿನಲ್ಲೇ ಹಾಗಿದೆ. ‘ಗರ್ಭ ನಿಂತ ದಿನದಿಂದ’ ಎಂದು ಬರೆದರೆ ಸುಮಾರು ಎರಡು ವಾರ ಏರುಪೇರು. ಅಲ್ಲಿ 9 ವಾರದವರೆಗೆ ಫ್ಯಾಮಿಲಿ ಡಾಕ್ಟರೇ ಗರ್ಭಪಾತದ ಗುಳಿಗೆಗಳಾದ ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಕೊಡಬಹುದು, ಅದರಾಚೆಗೆ ಆಸ್ಪತ್ರೆ. ಒಂದು ವಾರ ತಪ್ಪಾದರೂ ದಾರಿಯೇ ಬೇರೆ.
‘ಆತ್ಮಸಾಕ್ಷಿಯ ನಿರಾಕರಣೆ’ ಎಂದರೆ ಸಾಕ್ಷಿಯನ್ನೇ ತಳ್ಳಿಹಾಕಿದಂತೆ ಕೇಳುತ್ತದೆ, ಅಲ್ವಾ? ‘ಮನಸ್ಸು ಒಪ್ಪದೆ ಹಿಂದೆ ಸರಿಯುವುದು’ ಎನ್ನಿ. ಹಿಂದೆ ಸರಿದ ವೈದ್ಯರು ಆ ಹೆಣ್ಣುಮಗಳನ್ನು ಬೇರೆ ವೈದ್ಯರಿಗೆ ಒಪ್ಪಿಸುವ ಏರ್ಪಾಡು ಮಾಡಲೇಬೇಕು. ತುರ್ತಾಗಿ ಪ್ರಾಣಕ್ಕೆ ಕುತ್ತು ಬಂದಿದ್ದರೆ ಸರಿಯುವಂತೆಯೇ ಇಲ್ಲ. ‘ನಿರಾಕರಣೆ’ಯಲ್ಲಿ ಇದೆಲ್ಲ ಕಳೆದುಹೋಗುತ್ತದೆ.

ಬೀದಿಮಾತು:
ಇಷ್ಟೆಲ್ಲ ಯಾಕೆ? ಅಬಾರ್ಷನ್ ಅನ್ನಿ. ಎಲ್ಲರಿಗೂ ಗೊತ್ತು.

ಅಚ್ಚಗನ್ನಡಿಗ:
ಹಾಗಾದರೆ ಅನುವಾದ ಯಾಕೆ? ಲಿಪಿ ಬದಲಿಸಿದರೆ ಲೇಖನ ರೆಡಿ.

ಬೀದಿಮಾತು:
ಅನುವಾದ, ಲಿಪಿ, ಲೇಖನ. ಎರಡು ಸಾಲಿನಲ್ಲಿ ಮೂರು ಸಂಸ್ಕೃತ, ಒಂದು ಇಂಗ್ಲಿಷ್. ಮೊದಲು ನಿಮ್ಮ ಮನೆ ಗುಡಿಸಿಕೊಳ್ಳಿ.

ಪದಮೂಲ:
ಸಂಸ್ಕೃತದ್ದು ಸಾಲವಲ್ಲ, ಆಸ್ತಿ. ಇಂಗ್ಲಿಷ್‌ನದು ಸಾಲ.

ಅಚ್ಚಗನ್ನಡಿಗ:
ಬಡ್ಡಿ ಕಟ್ಟುತ್ತಿರುವವರು ನಾವು.

ಅನುವಾದಕಿ:
ಜಗಳ ಆಮೇಲೆ ಮಾಡಿಕೊಳ್ಳಿ. ಡಾಕ್ಟರಮ್ಮ, ಸ್ರಾವ, ಪಾತ ಎರಡನ್ನೂ ಹಾಕಿದೆ, ವಾಕ್ಯ ನೆಟ್ಟಗಾಯಿತು. ಕಾನೂನಿನ ಹೆಸರಲ್ಲಿ ಅಬಾರ್ಷನ್ ಎಂಬ ಮಾತಿಲ್ಲ, ‘ಟರ್ಮಿನೇಷನ್ ಆಫ್ ಪ್ರೆಗ್ನೆನ್ಸಿ’ ಎಂದಿದೆ. ಅಲ್ಲಿಗೆ ‘ಗರ್ಭಾವಸ್ಥೆ ಕೊನೆಗೊಳಿಸುವಿಕೆ’ ಹಾಕುತ್ತೇನೆ. ಬೇಡ ಎನ್ನುವವರು ಬೇರೆ ಪದ ಕೊಟ್ಟು ಬೇಡ ಎನ್ನಿ, ರಾತ್ರಿ ಹತ್ತರೊಳಗೆ.